ಗ್ರಹಣದ ಗುಂಡಿಯಿಂದ ಯಾವ ಕೂಸೂ ನಡೆದಿಲ್ಲ

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಹಿಡಿದಾಗ ಕಲಬುರಗಿ ಮಗ್ಗುಲಿನ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಗ್ರಹಣ ಬಿಡುವತನಕ ಹಾಗೇ ಇಟ್ಟರೆ ಊನ ವಾಸಿಯಾಗುತ್ತದೆ ಎಂಬುದು ಹಳೆಯ ನಂಬಿಕೆ. ಇದನ್ನು ಬಿಡಿ ಎಂದಾಗ ಎದುರಾಗುವ ವಾದಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: ‘ಹಿಂದ ಎಷ್ಟೋ ಮಕ್ಕಳು ಎದ್ದು ನಡದಾರ, ಹಿರ್ಯಾರು ಹೇಳಿದ್ದು ಸುಳ್ಳೇನು?’

ಹಿರಿಯರು ಕಂಡದ್ದು ಸುಳ್ಳಾಗಬೇಕಿಲ್ಲ, ಕಾರಣ ಬೇರೆ. ಆಗ ಪೋಲಿಯೊ ಮನೆಮನೆಯ ಭಯವಾಗಿತ್ತು. ಪೋಲಿಯೊದಿಂದ ಸೋತ ಸ್ನಾಯುಗಳಲ್ಲಿ ಕೆಲವಕ್ಕೆ ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಬಲ ಮರಳುತ್ತದೆ. ಆ ನಡುವೆ ಗ್ರಹಣ ಬಂದರೆ ಕೀರ್ತಿ ಗುಂಡಿಗೆ. ಏಳದ ಮಕ್ಕಳ ಲೆಕ್ಕವನ್ನು ಯಾರೂ ಇಡಲಿಲ್ಲ. ಕೊನೆಗೆ ಪೋಲಿಯೊವನ್ನು ಓಡಿಸಿದ್ದು ಲಸಿಕೆಯ ಹನಿ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊದ ಒಂದು ಪ್ರಕರಣವೂ ಇಲ್ಲ.

ಎರಡು: ‘ಗ್ರಹಣದ ಹೊತ್ತಿಗೆ ಭೂಮಿಗೆ ವಿಶೇಷ ಶಕ್ತಿ ಬರ್ತದ.’

ಗ್ರಹಣದಲ್ಲಿ ಚಂದ್ರ ಅಡ್ಡ ಬಂದು ಬೆಳಕು ತಗ್ಗುತ್ತದೆ, ಅಷ್ಟೇ. ಹೊಸ ಕಿರಣ ಹುಟ್ಟುವುದಿಲ್ಲ. ಅಂದು ಸೂರ್ಯ ಪೂರ್ಣ ಬಳೆಯಾಗಿ ಕಂಡದ್ದು ಕೊಡಗಿನ ಕುಟ್ಟ, ಕಾಸರಗೋಡಿನ ಚೆರುವತ್ತೂರಿನಂಥ ಕಡೆ. ಕಲಬುರಗಿಗೆ ಸಿಕ್ಕಿದ್ದು ಪಾರ್ಶ್ವ ಗ್ರಹಣ. ಶಕ್ತಿ ಇದ್ದಿದ್ದರೆ ಮೊದಲು ಅಲ್ಲಿಯ ಮಕ್ಕಳ ಊನ ಹೋಗಬೇಕಿತ್ತು.

ಮೂರು: ‘ನಮ್ಮ ಮಣ್ಣಿನ ಗುಣ ದೊಡ್ಡದು, ಪ್ರಕೃತಿ ಚಿಕಿತ್ಸೆಯಲ್ಲೂ ಮಣ್ಣು ಹಚ್ಚುತ್ತಾರೆ.’

ಮಣ್ಣಿನ ಗುಣ ನಿಜ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಯೇ ಅದಕ್ಕೆ ಸಾಕ್ಷಿ. ಆದರೆ ಬಾಳೆ ಬೇರಿನಿಂದ ಮಣ್ಣಿನ ಸಾರ ಹೀರುತ್ತದೆ. ಕೂಸಿನ ಚರ್ಮಕ್ಕೆ ಬೇರಿಲ್ಲ. ಪ್ರಕೃತಿ ಚಿಕಿತ್ಸೆಯಲ್ಲಿ ಹಚ್ಚುವುದು ಶೋಧಿಸಿದ ಮಣ್ಣಿನ ತೆಳು ಲೇಪ, ಅದೂ ಸ್ವಲ್ಪ ಹೊತ್ತು. ಕುತ್ತಿಗೆವರೆಗೆ ಹೂಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕು: ‘ಮಾಡಿ ನೋಡಿದ್ರ ಏನ್ ಹೋಗ್ತದ?’

ಹೋಗುವುದು ಬಹಳ. ಉಸಿರೆಳೆದಾಗ ಎದೆ ಅರಳಬೇಕು. ಸುತ್ತ ಮಣ್ಣು ಒತ್ತಿದಾಗ ಅದು ಸರಾಗವಾಗಿ ಅರಳುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಕುತ್ತಿಗೆಯೇ ನಿಲ್ಲದು. ತಲೆ ವಾಲಿದರೆ ಎತ್ತಿಕೊಳ್ಳಲಾರರು. ಗುಂಡಿಯೊಳಗೆ ಫಿಟ್ಸ್ ಬಂದರೆ, ವಾಂತಿಯಾದರೆ ಪಕ್ಕಕ್ಕೆ ಹೊರಳಿಸುವುದು ಹೇಗೆ? ಎಳೆದು ತೆಗೆಯುವಷ್ಟರಲ್ಲಿ ಉಸಿರುಗಟ್ಟಬಹುದು. ಗಾಯವಿದ್ದರೆ ಸಗಣಿ ಬೆರೆತ ಮಣ್ಣಿನಿಂದ ಧನುರ್ವಾಯುವಿನ ಅಪಾಯವೂ ಇದೆ. ಅಳುವುದು ಬಿಟ್ಟು ಬೇರೆ ಮಾತಿಲ್ಲದ ಕೂಸಿಗೆ ಆ ಭಯ ಎಷ್ಟೆಂದು ಹೆತ್ತವರೇ ಯೋಚಿಸಲಿ.

ಐದು: ‘ದವಾಖಾನೆಯಲ್ಲಿ ವಾಸಿಯಾಗಲ್ಲ ಅಂತಾರ, ನಾವೇನ್ ಮಾಡ್ಬೇಕು?’

ಇದೊಂದೇ ಗಟ್ಟಿ ವಾದ, ಇದರ ಹಿಂದಿರುವುದು ತಾಯಿಯ ಸಂಕಟ. ಸೆರೆಬ್ರಲ್ ಪಾಲ್ಸಿ ಪೂರ್ತಿ ಹೋಗುವುದಿಲ್ಲ ಎಂಬುದು ನಿಜ. ಆದರೆ ಚಿಕ್ಕಂದಿನಲ್ಲೇ ವ್ಯಾಯಾಮ ಚಿಕಿತ್ಸೆ ಶುರುವಾದರೆ ಕೂರಲು, ಕೈಯಾರೆ ಉಣ್ಣಲು, ಕ್ಯಾಲಿಪರ್ ತೊಟ್ಟು ಹೆಜ್ಜೆ ಇಡಲು ಎಷ್ಟೋ ಮಕ್ಕಳು ಕಲಿಯುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಲ್ಲೇ ಮಕ್ಕಳನ್ನು ತಪಾಸಣೆ ಮಾಡಿ ಮುಂದಿನ ಆಸ್ಪತ್ರೆಗೆ ಕಳಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಮಾಸಾಶನ ಕೇಳಿ ಪಡೆಯಬೇಕಾದ ಹಕ್ಕು. ಗ್ರಹಣದ ದಾರಿ ಕಾಯುತ್ತ ಕಳೆದ ವರ್ಷಗಳು ಮಾತ್ರ ಮರಳಿ ಸಿಗುವುದಿಲ್ಲ.

ಆರು: ‘ಇದು ನಮ್ಮ ನಂಬಿಕೆ, ನೀವ್ಯಾರು ಕೇಳೋರು?’

ಗ್ರಹಣದಂದು ಉಪವಾಸ ಮಾಡಿ, ಸ್ನಾನ ಮಾಡಿ, ದೇವರ ಮುಂದೆ ಕೂಡ್ರಿ. ಯಾರ ತಕರಾರೂ ಇಲ್ಲ. ಒಪ್ಪಿಗೆ ಕೊಡಲಾಗದ ಕೂಸಿನ ಜೀವ ಪಣಕ್ಕಿಡುವ ಹಕ್ಕು ಯಾವ ನಂಬಿಕೆಗೂ ಇಲ್ಲ. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ರಾಜ್ಯದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಆದರೂ ಬಡ ತಂದೆತಾಯಿಯರ ಮೇಲೆ ಕೇಸು ಹಾಕುವುದಕ್ಕಿಂತ ಮೊದಲು ಅವರ ಮನೆಗೆ ಚಿಕಿತ್ಸೆ ತಲುಪಬೇಕು.

ಭಾರತದಲ್ಲಿ ಪಾರ್ಶ್ವವಾಗಿ ಕಾಣುವ ಸೂರ್ಯಗ್ರಹಣ 2027ರ ಆಗಸ್ಟ್ 2ಕ್ಕೆ ಇದೆ. ಆ ದಿನಕ್ಕೆ ಮುಂಚೆಯೇ ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಪಂಚಾಯಿತಿ ಸದಸ್ಯರು, ಮಠ–ದರ್ಗಾಗಳ ಹಿರಿಯರು ಇಂಥ ಮಕ್ಕಳಿರುವ ಪ್ರತಿ ಮನೆಗೂ ಹೋಗಿ ಮಾತಾಡಲಿ, ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ಜೊತೆ ನಿಲ್ಲಲಿ.