ದಾನದ ಹಸುವಿಗೆ ಹಲ್ಲು ಎಣಿಸಲೇಬೇಕು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂಬುದು ನಮ್ಮಲ್ಲಿ ರೂಢಿಯ ಮಾತು. ತಂತ್ರಾಂಶದ ಲೋಕದಲ್ಲೂ ಈ ಸೌಜನ್ಯ ಬೇರೂರಿದೆ. ದೊಡ್ಡ ಕಂಪನಿಯೊಂದು ತಾನು ಸಾಕಿದ ತಂತ್ರಾಂಶವನ್ನು ಮುಕ್ತ ತಂತ್ರಾಂಶದ ಪ್ರತಿಷ್ಠಾನಕ್ಕೆ ಒಪ್ಪಿಸಿತೆಂದೊಡನೆ ಚಪ್ಪಾಳೆ ಬೀಳುತ್ತದೆ. ಕೊಟ್ಟದ್ದೇನು, ಎಂಥ ಹೊತ್ತಿನಲ್ಲಿ ಕೊಟ್ಟರು ಎಂದು ಕೇಳಿದವನು ಕೃತಘ್ನನೆನಿಸಿಕೊಳ್ಳುತ್ತಾನೆ. ಈ ಸೌಜನ್ಯವನ್ನು ನಾವು ಒಪ್ಪುವುದಿಲ್ಲ.

ಹಲ್ಲು ಎಣಿಸುವುದಕ್ಕೆಂದೇ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ 2002ರಲ್ಲಿ ‘ಇನ್‌ಕ್ಯುಬೇಟರ್’ ಎಂಬ ವ್ಯವಸ್ಥೆಯನ್ನು ರೂಪಿಸಿತು. ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ ಎಂಬ ಆ ಹೆಸರೇ ದಾರಿ ತಪ್ಪಿಸುವಂಥದು. ಲೋಕದ ಬಳಕೆಯಲ್ಲಿ ಪಳಗಿದ ತಂತ್ರಾಂಶಕ್ಕೆ ಇನ್ನೆಂಥ ಕಾವು ಎಂದು ಮೂಗು ಮುರಿಯುವವರಿದ್ದಾರೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ತಂತ್ರಾಂಶದ ಪ್ರಾಯವಲ್ಲ, ಅದರ ಒಡೆತನ. ಪ್ರತಿ ಕಡತದ ಹಕ್ಕು ಯಾರದು, ಪರವಾನಗಿ ಹೊಂದುತ್ತದೆಯೇ, ಹೆಸರಿನ ಮುದ್ರೆ ಕೈಬದಲಾಯಿತೇ, ನಿರ್ಧಾರಗಳು ಕಂಪನಿಯ ಕೊಠಡಿಯಿಂದ ಬಹಿರಂಗ ಚರ್ಚೆಗೆ ಬಂದವೇ ಎಂಬುದನ್ನೆಲ್ಲ ನೋಡಲಾಗುತ್ತದೆ. ಹೊಸ ಆವೃತ್ತಿಯೊಂದು ಹೊರಬರಬೇಕಾದರೆ ಕನಿಷ್ಠ ಮೂರು ಒಪ್ಪಿಗೆಯ ಮತಗಳು ಬೇಕು. ಸರ್ಕಾರಿ ನೌಕರರಾದ ನಮಗೆ ಇದು ಹೊಸತಲ್ಲ. ಇಪ್ಪತ್ತು ವರ್ಷ ಸವೆಸಿದ ಅಧಿಕಾರಿಯೂ ವರ್ಗವಾದಾಗ ಬೀರುವಿನ ಕೀಲಿಯಿಂದ ಬಾಕಿ ಕಡತದವರೆಗೆ ಪಟ್ಟಿ ಮಾಡಿ ಚಾರ್ಜ್ ಒಪ್ಪಿಸಲೇಬೇಕು. ಅದನ್ನು ಯಾರೂ ಅವಮಾನವೆಂದು ಬಗೆಯುವುದಿಲ್ಲ.

ಆದರೆ ಕಡತವನ್ನು ಎಣಿಸುವಷ್ಟು ಸಲೀಸಾಗಿ ಜನರನ್ನು ಎಣಿಸಲಾಗದು. ಓಪನ್‌ಆಫೀಸ್‌ನ ಕಥೆ ಇದಕ್ಕೆ ಸಾಕ್ಷಿ. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯನ್ನು 1999ರಲ್ಲಿ ಕೊಂಡ ಸನ್ ಮೈಕ್ರೋಸಿಸ್ಟಮ್ಸ್, ಮರುವರ್ಷ ಈ ತಂತ್ರಾಂಶದ ಆಕರ ಸಂಕೇತವನ್ನು ಲೋಕಕ್ಕೆ ತೆರೆದಿಟ್ಟಿತು. 2010ರ ಜನವರಿಯಲ್ಲಿ ಸನ್ ಕಂಪನಿಯೇ ಆರಾಕಲ್ ಪಾಲಾಯಿತು. ಹೊಸ ಯಜಮಾನನ ಮೇಲೆ ನಂಬಿಕೆ ಹುಟ್ಟದ ಸ್ವಯಂಸೇವಕರು ಅದೇ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ, ಲಿಬ್ರೆಆಫೀಸ್ ಎಂಬ ಬೇರೆ ಮನೆ ಹೂಡಿದರು. 2011ರ ಜನವರಿಯಲ್ಲಿ ಅವರ ಮೊದಲ ಸ್ಥಿರ ಆವೃತ್ತಿಯೂ ಬಂತು. ಏಪ್ರಿಲ್‌ನಲ್ಲಿ ಆರಾಕಲ್ ಓಪನ್‌ಆಫೀಸ್‌ನ ವ್ಯಾಪಾರವನ್ನು ನಿಲ್ಲಿಸುವುದಾಗಿ ಸಾರಿತು. ದಾನ ನಡೆದದ್ದು ಇಷ್ಟೆಲ್ಲ ಆದಮೇಲೆ, ಜೂನ್‌ನಲ್ಲಿ. ಅದೂ ಮನೆ ಬಿಟ್ಟುಹೋದ ಮಕ್ಕಳಿಗಲ್ಲ, ಅಪಾಚೆಗೆ. ವಾಜಶ್ರವಸನು ಕರೆದು ಬತ್ತಿದ ಹಸುಗಳನ್ನು ದಾನ ಮಾಡುವುದನ್ನು ಕಂಡು ನಚಿಕೇತ ಕಳವಳಗೊಂಡದ್ದು ಇಲ್ಲಿ ನೆನಪಾಗುತ್ತದೆ.

ಅಪಾಚೆಯ ಸ್ವಯಂಸೇವಕರ ದುಡಿಮೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಪ್ರತಿಷ್ಠಾನದ ನಿಯಮಕ್ಕೆ ಹೊಂದದ ಪರವಾನಗಿಯ ಭಾಗಗಳನ್ನು ಹೆಕ್ಕಿ ತೆಗೆದು, ಬದಲಿ ಕೂಡಿಸಿ, 2012ರ ಮೇ ತಿಂಗಳಲ್ಲಿ 3.4ನೆಯ ಆವೃತ್ತಿ ತಂದರು. ಅದೇ ಅಕ್ಟೋಬರ್‌ನಲ್ಲಿ ಯೋಜನೆ ಇನ್‌ಕ್ಯುಬೇಟರ್ ದಾಟಿತು. ದಾಖಲೆಯ ಮಟ್ಟಿಗೆ ಎಲ್ಲವೂ ಸಮರ್ಪಕ. ಆದರೆ ಪರವಾನಗಿಯ ಭೇದದಿಂದಾಗಿ ಅಪಾಚೆಯ ಸಂಕೇತವನ್ನು ಲಿಬ್ರೆಆಫೀಸ್ ಬಳಸಿಕೊಳ್ಳಬಹುದಾಗಿತ್ತೇ ಹೊರತು, ಅತ್ತಣ ಸುಧಾರಣೆ ಇತ್ತ ಹರಿಯುವಂತಿರಲಿಲ್ಲ. 2016ರ ಜುಲೈಯಲ್ಲಿ ಭದ್ರತಾ ದೋಷವೊಂದು ಬಹಿರಂಗವಾಯಿತು. ಅದನ್ನು ತಿದ್ದಿದ ಪೂರ್ಣ ಆವೃತ್ತಿ ಬರಲು ಅಕ್ಟೋಬರ್ ಆಯಿತು. ನಡುವೆ ಸೆಪ್ಟೆಂಬರ್‌ನಲ್ಲಿ, ಸಾಕಷ್ಟು ಕೈಗಳಿಲ್ಲದ ಈ ಯೋಜನೆಯನ್ನು ಮುಚ್ಚುವುದಾದರೆ ಹೇಗೆ ಎಂಬ ಚರ್ಚೆಯನ್ನು ಅದರ ಅಧ್ಯಕ್ಷರೇ ಎತ್ತಬೇಕಾಯಿತು.

ಪ್ರತಿಷ್ಠಾನವೇನು ಜನರನ್ನು ಸೃಷ್ಟಿಸಬಲ್ಲದೇ ಎಂದು ಕೇಳುವವರುಂಟು. ಸೃಷ್ಟಿಸಲಾರದು. ಹಾಗಿದ್ದಮೇಲೆ ಬಾಗಿಲಲ್ಲೇ ಕೇಳಬೇಕಿತ್ತಲ್ಲವೇ? 2009ರ ನವೆಂಬರ್‌ನಲ್ಲಿ ಸಬ್‌ವರ್ಶನ್ ಇದೇ ಬಾಗಿಲಿಗೆ ಬಂತು. ಅದೂ ಹತ್ತು ವರ್ಷಕ್ಕೆ ಸಮೀಪಿಸಿದ್ದ ತಂತ್ರಾಂಶವೇ. ತನ್ನ ಕೆಲಸಗಾರರನ್ನೂ ಬಹಿರಂಗ ಚರ್ಚೆಯ ಪದ್ಧತಿಯನ್ನೂ ಜೊತೆಗೇ ತಂದಿದ್ದರಿಂದ ಮರುವರ್ಷದ ಫೆಬ್ರವರಿಗೆ ಹೊರಬಿತ್ತು. 2015ರಲ್ಲಿ ಗ್ರೂವಿ ಭಾಷೆಗೆ ಪಿವೋಟಲ್ ಕಂಪನಿ ಹಣ ನಿಲ್ಲಿಸಿದಾಗ, ತಂಡವೇ ಮುಂದಾಗಿ ಅಪಾಚೆಯ ಆಶ್ರಯ ಕೋರಿತು. ವರ್ಷ ಮುಗಿಯುವುದರೊಳಗೆ ದಾಟಿತು. ಅಲ್ಲಿಯೂ ಕಂಪನಿ ಕೈಬಿಟ್ಟಿತ್ತು, ಆದರೆ ಜನ ಚದುರಿರಲಿಲ್ಲ.

ಉಳಿದದ್ದು ಹೆಸರಿನ ಪ್ರಶ್ನೆ. ನಮ್ಮ ದೃಷ್ಟಿಯಲ್ಲಿ ಅನ್ಯಾಯದ ತಿರುಳೇ ಅದು. ಓಪನ್‌ಆಫೀಸ್ ಎಂಬ ಹೆಸರು ಒಂದು ಮನೆಯಲ್ಲಿ, ದುಡಿಯುವ ಕೈಗಳು ಇನ್ನೊಂದರಲ್ಲಿ. ಬಳಕೆದಾರನಾದರೋ ಹೆಸರಿನ ಬೆನ್ನು ಹತ್ತಿ ಹೋಗುತ್ತಾನೆ. 2020ರ ಅಕ್ಟೋಬರ್‌ನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಬಹಿರಂಗ ಪತ್ರ ಬರೆದು, ಲಿಬ್ರೆಆಫೀಸ್ ಎಂಬುದೊಂದಿದೆಯೆಂದಾದರೂ ನಿಮ್ಮ ಬಳಕೆದಾರರಿಗೆ ತಿಳಿಸಿರೆಂದು ಅಪಾಚೆಯ ಯೋಜನೆಯನ್ನು ಕೇಳಿಕೊಂಡಿತು.

ಹೊರನಾಡಿನಲ್ಲಿ ಕನ್ನಡ ಬರೆಯುವ ನಮಗೆ ಇದು ದೂರದ ಜಗಳವಲ್ಲ. ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಬೆರಳಚ್ಚಾದ ಕಥೆ ಕವಿತೆಗಳು ಬೇರೆ ಗಣಕದಲ್ಲಿ ರೋಮನ್ ಲಿಪಿಯ ಕಸವಾಗಿ ತೆರೆದುಕೊಂಡದ್ದನ್ನು ಕಂಡವರಿಗೆ, ತಂತ್ರಾಂಶವನ್ನು ಈಗ ನೋಡಿಕೊಳ್ಳುವವರಾರೆಂಬುದು ಒಣ ಕಾನೂನಿನ ಪ್ರಶ್ನೆಯಾಗಿ ಕಾಣದು. ಭಾರತ ಸರ್ಕಾರದ 2015ರ ನೀತಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆನ್ನುತ್ತದೆ, ಒಳ್ಳೆಯದೇ. ಆದರೆ ಪರವಾನಗಿಯನ್ನು ಕೇಳಿ ತೃಪ್ತರಾಗುವ ಅಧಿಕಾರಿಗಳು, ಕಳೆದ ಭದ್ರತಾ ದೋಷವನ್ನು ತಿದ್ದಿದವರು ಯಾರು, ಎಷ್ಟು ದಿನದಲ್ಲಿ, ಕಳೆದ ವರ್ಷ ಸಂಕೇತ ಬರೆದವರು ಎಷ್ಟು ಮಂದಿ ಎಂದೂ ಅದೇ ಟಿಪ್ಪಣಿಯಲ್ಲಿ ಬರೆಯಿಸಿಕೊಳ್ಳಬೇಕು. ಉತ್ತರವಿಲ್ಲದ ತಂತ್ರಾಂಶಕ್ಕೆ, ಅದರ ಹೆಸರು ಎಷ್ಟೇ ಪ್ರಸಿದ್ಧವಾಗಿರಲಿ, ಸಹಿ ಹಾಕಬಾರದು.