ನೆರವೋ, ಬಹುಮಾನವೋ?

ವಿದ್ಯಾರ್ಥಿವೇತನ ಎಂಬ ಪದವನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಬಡವರ ಮಕ್ಕಳೂ ಕಾಲೇಜಿನ ಮೆಟ್ಟಿಲು ಹತ್ತಲಿ ಎಂದು ಸರಕಾರವೋ, ಟ್ರಸ್ಟೋ, ಊರಿನ ಜಮಾಅತೋ ಕೊಡುವ ಹಣ ಅದು ಎಂದು ನಂಬಿದ್ದೇವೆ. ಆದರೆ ಅದರ ಷರತ್ತುಗಳನ್ನು ಕೂತು ಓದಿದವರಿಗೆ ಬೇರೆಯೇ ಸತ್ಯ ಕಾಣುತ್ತದೆ. ಮುಂದಿನ ವರ್ಷವೂ ಹಣ ಬೇಕಿದ್ದರೆ ಈ ವರ್ಷ ಇಂತಿಷ್ಟು ಶೇಕಡಾ ಅಂಕ ಬರಲೇಬೇಕು. ಬರದಿದ್ದರೆ? ಹಣ ನಿಂತಿತು. ಯಾಕೆ ಬರಲಿಲ್ಲ ಮಗಳೇ ಎಂದು ಕೇಳುವವರು ಯಾರೂ ಇಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ. ಅಂಕ ಇಳಿದ ಕೂಡಲೇ ನಿಂತುಹೋಗುವ ಹಣವನ್ನು ಬಹುಮಾನ ಎನ್ನಬಹುದು, ನೆರವು ಎನ್ನಲಾಗದು.

2006ರ ನವೆಂಬರಿನಲ್ಲಿ ಸಾಚಾರ್ ಸಮಿತಿ ತನ್ನ ವರದಿ ಕೊಟ್ಟಿತು. ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25 ಮಂದಿಗೆ ಒಬ್ಬ ಮಾತ್ರ ಮುಸ್ಲಿಮ್ ಎಂದು ಅದು ಹೇಳಿತು. ಮರುವರ್ಷವೇ ಕೇಂದ್ರ ಸರಕಾರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯನ್ನು ತಂದಿತು. ಸಂತೋಷ. ಆದರೆ ಅದರ ನಿಯಮ ಏನಿತ್ತು? ಹೆತ್ತವರ ವಾರ್ಷಿಕ ಆದಾಯ 2 ಲಕ್ಷ ರೂಪಾಯಿ ಮೀರಬಾರದು, ಹಿಂದಿನ ಅಂತಿಮ ಪರೀಕ್ಷೆಯಲ್ಲಿ ಅಂಕ 50 ಶೇಕಡಾಕ್ಕಿಂತ ಕಡಿಮೆ ಇರಬಾರದು. ನವೀಕರಣಕ್ಕೂ ಅದೇ ಅಳತೆ. ಅಂದರೆ ಯಾರು ಹಿಂದುಳಿದಿದ್ದಾರೆ ಎಂದು ಸಮಿತಿ ಕಣ್ಣೀರು ಸುರಿಸಿತೋ, ಅವರಲ್ಲೇ ಹಿಂದುಳಿದವರನ್ನು ಯೋಜನೆ ಬಾಗಿಲಲ್ಲೇ ತಡೆಯಿತು.

ಇದು ನಮ್ಮ ಸಮುದಾಯವೊಂದರ ದೂರಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ ಎಲ್ಲ ಜಾತಿ ಧರ್ಮಗಳ ಪದವಿ ವಿದ್ಯಾರ್ಥಿಗಳಿಗೂ ತೆರೆದಿಟ್ಟಿರುವ ವಿದ್ಯಾರ್ಥಿವೇತನವೊಂದಿದೆ. ವರ್ಷಕ್ಕೆ 12,000 ರೂಪಾಯಿ. ಅದರ ನವೀಕರಣಕ್ಕೂ 50 ಶೇಕಡಾ ಅಂಕ ಬೇಕು, 75 ಶೇಕಡಾ ಹಾಜರಿ ಬೇಕು. ಹಾಜರಿಯ ಬಗ್ಗೆ ನಾವು ಚಕಾರ ಎತ್ತುವುದಿಲ್ಲ. ತರಗತಿಗೆ ಬರುವುದು ವಿದ್ಯಾರ್ಥಿಯ ಕೈಯಲ್ಲಿರುವ ಕೆಲಸ, ಅದನ್ನು ಕೇಳುವ ಹಕ್ಕು ಹಣ ಕೊಡುವವರಿಗಿದೆ. ಆದರೆ 49 ಶೇಕಡಾ ಪಡೆದವಳನ್ನು ವಿಶ್ವವಿದ್ಯಾನಿಲಯ ಪಾಸು ಎಂದು ಮುಂದಿನ ತರಗತಿಗೆ ಕಳಿಸುತ್ತದೆ, ವಿದ್ಯಾರ್ಥಿವೇತನದ ಕಚೇರಿ ಅದೇ ಹುಡುಗಿಯನ್ನು ನಪಾಸು ಮಾಡುತ್ತದೆ. ಇದು ಯಾವ ನ್ಯಾಯ?

ಬೇರೆ ದಾರಿ ಇಲ್ಲವೇ ಎಂದರೆ, ಇದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ 1944ರಿಂದ ನಡೆದುಬಂದಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಇಂಥ 50 ಶೇಕಡಾದ ಗೋಡೆ ಇಲ್ಲ. ದೊರೆಯಬೇಕಾದ ಹಣ ಸಕಾಲಕ್ಕೆ ಬಾರದೆ ಆ ಮಕ್ಕಳೂ ನರಳಿದ್ದಾರೆ, ಅದು ಬೇರೆಯೇ ಜಗಳ. ಆದರೆ ಬಡತನವೇ ಅರ್ಹತೆ, ಓದು ಮುಂದುವರಿಯುತ್ತಿದ್ದರೆ ಸಾಕು ಎಂಬ ತತ್ವ ಈ ದೇಶಕ್ಕೆ ಹೊಸದಲ್ಲ ಎಂಬುದಕ್ಕೆ ಆ ಯೋಜನೆಯೇ ಸಾಕ್ಷಿ.

ಯಾರ ಅಂಕ ಇಳಿಯುತ್ತದೆ ಎಂದು ಒಮ್ಮೆ ನೋಡೋಣ. ಹತ್ತನೆಯವರೆಗೆ ಉರ್ದು ಮಾಧ್ಯಮದಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದ ಹುಡುಗ ಪಿಯುಸಿ ವಿಜ್ಞಾನಕ್ಕೆ ಬಂದ ದಿನವೇ ಇಂಗ್ಲಿಷಿನ ಕಡಲಿಗೆ ಬೀಳುತ್ತಾನೆ. ಲೆಕ್ಕ ಗೊತ್ತಿದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಉತ್ತರ ಗೊತ್ತಿದೆ, ಬರೆಯಲು ಪದ ಇಲ್ಲ. ಅವನಿಗೆ ಈಜು ಬರಲು ಒಂದು ವರ್ಷ ಬೇಕು. ಆ ವರ್ಷವೇ ನಿಯಮ ಅವನ ಕುತ್ತಿಗೆ ಹಿಡಿಯುತ್ತದೆ. ಇನ್ನೊಬ್ಬಳು ರಾತ್ರಿ ತಾಯಿಯೊಂದಿಗೆ ಕೂತು ಬೀಡಿ ಕಟ್ಟಿ, ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುವವಳು. ಮತ್ತೊಬ್ಬ ಅಬ್ಬ ಹಾಸಿಗೆ ಹಿಡಿದ ಮೇಲೆ ಸಂಜೆ ಹೊತ್ತು ಮೊಬೈಲ್ ಅಂಗಡಿಯಲ್ಲಿ ನಿಲ್ಲುವವನು. ಇವರ 48 ಶೇಕಡಾವನ್ನೂ ಟ್ಯೂಷನ್, ಬೈಕು, ಪ್ರತ್ಯೇಕ ಕೋಣೆ ಇರುವವನ 48 ಶೇಕಡಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿಗೆ ನಾವು ಏನು ಹೇಳೋಣ?

ಹಣವುಳ್ಳವನ ಅಂಕ ಕಡಿಮೆಯಾದರೆ ಅವನಿಗೆ ಮ್ಯಾನೇಜ್‌ಮೆಂಟ್ ಸೀಟು ಕಾದಿರುತ್ತದೆ. ಬಡವನ ಅಂಕ ಕಡಿಮೆಯಾದರೆ ಅವನ ಹೆಸರು ನೋಟೀಸ್ ಬೋರ್ಡಿನಿಂದ ಮಾಯವಾಗುತ್ತದೆ. ಎಡವುವ ಹಕ್ಕೂ ಈ ನಾಡಿನಲ್ಲಿ ಉಳ್ಳವರಿಗೇ ಮೀಸಲೇ?

ಪ್ರತಿಭೆ, ಪ್ರತಿಭೆ ಎಂದು ಜಪಿಸುವವರಿಗೆ ಎರಡು ಚರಿತ್ರೆಗಳನ್ನು ನೆನಪಿಸಬೇಕಾಗಿದೆ. 1907ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಹುಡುಗನೊಬ್ಬ ಮೆಟ್ರಿಕ್ ಪಾಸಾದ. ಬಂದ ಅಂಕ 750ಕ್ಕೆ 282. ಅಂದರೆ 38 ಶೇಕಡಾವೂ ಇಲ್ಲ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಮುಂದೆ ಆ ಹುಡುಗನ ಬಿ.ಎ. ಓದಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು, 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೂ ಕಳಿಸಿದರು. ಹುಡುಗನ ಹೆಸರು ಭೀಮರಾವ್ ಅಂಬೇಡ್ಕರ್. ನಮ್ಮ ಇಂದಿನ 50 ಶೇಕಡಾದ ನಿಯಮ ಅಂದು ಬರೋಡದಲ್ಲಿ ಇದ್ದಿದ್ದರೆ ಆ ಅರ್ಜಿ ಮೊದಲ ಮೇಜಿನಲ್ಲೇ ತಿರಸ್ಕೃತವಾಗುತ್ತಿತ್ತು.

ಇನ್ನೊಂದು ಕುಂಭಕೋಣದ್ದು. ಬಟ್ಟೆ ಅಂಗಡಿಯ ಗುಮಾಸ್ತನ ಮಗ ಶ್ರೀನಿವಾಸ ರಾಮಾನುಜನ್ 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಅಲ್ಲಿನ ಸರಕಾರಿ ಕಾಲೇಜು ಸೇರಿದರು. ಗಣಿತದಲ್ಲೇ ಮುಳುಗಿ ಇಂಗ್ಲಿಷಿನಲ್ಲಿ ನಪಾಸಾದರು. ವಿದ್ಯಾರ್ಥಿವೇತನ ಹೋಯಿತು, ಅದರೊಂದಿಗೆ ಕಾಲೇಜೂ ಹೋಯಿತು. ಕೊನೆಗೆ ಪದವಿಯೇ ಇಲ್ಲದೆ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾದರು. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ಕಟ್ಟಳೆಯನ್ನು ಬದಿಗಿಟ್ಟು ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಮಂಜೂರು ಮಾಡಿತು. ಅದಕ್ಕೂ ಷರತ್ತಿತ್ತು. ಮೂರು ತಿಂಗಳಿಗೊಮ್ಮೆ ತಾವು ಮಾಡಿದ ಕೆಲಸದ ವರದಿ ಕೊಡಬೇಕು. ಅವರು ಕೊಟ್ಟರು. ಎರಡು ಷರತ್ತುಗಳ ನಡುವಿನ ಅಂತರ ನೋಡಿ. ಮೊದಲನೆಯದು ಒಂದು ಅಂಕಿಯನ್ನು ನೋಡಿ ಮನುಷ್ಯನನ್ನು ಹೊರಹಾಕಿತು. ಎರಡನೆಯದು ಮನುಷ್ಯನನ್ನು ಒಳಗಿಟ್ಟುಕೊಂಡು ಅವನ ಕೆಲಸ ನೋಡಿತು. ನಮಗೆ ಬೇಕಿರುವುದು ಎರಡನೆಯದು.

ಆದರೆ ಎಲ್ಲರೂ ಅಂಬೇಡ್ಕರ್, ರಾಮಾನುಜನ್ ಆಗುತ್ತಾರೆಯೇ ಎಂದು ಕೆಲವರು ನಗಬಹುದು. ಆಗಬೇಕಿಲ್ಲ. ಒಬ್ಬಳು ನರ್ಸ್, ಒಬ್ಬ ಶಾಲಾ ಮಾಸ್ತರು, ಒಬ್ಬಳು ಬ್ಯಾಂಕಿನ ಗುಮಾಸ್ತೆ ಆದರೆ ಒಂದು ಮನೆಯ ಬೀಡಿಯ ಮೊರ ಕೆಳಗಿಳಿಯುತ್ತದೆ. ಅಷ್ಟು ಸಾಲದೇ?

ಜನರ ತೆರಿಗೆ ಹಣ ಪೋಲಾಗಬಾರದು ಎನ್ನುವವರೂ ಇದ್ದಾರೆ. ಒಪ್ಪುತ್ತೇವೆ. ಕಾಲೇಜಿನ ಮುಖವನ್ನೇ ನೋಡದೆ ವೇತನ ಪಡೆಯುವವರಿಗೆ ಒಂದು ಕಾಸೂ ಸಲ್ಲಬಾರದು. ಆದರೆ ಪೋಲಾಗುವುದು ಯಾವಾಗ? ಎರಡು ವರ್ಷ ಹಣ ಕೊಟ್ಟು, ಮೂರನೆಯ ವರ್ಷ ಎರಡು ಅಂಕ ಕಡಿಮೆಯಾಯಿತೆಂದು ನಿಲ್ಲಿಸಿ, ಹುಡುಗಿ ಓದು ಬಿಟ್ಟು ಮನೆಯಲ್ಲಿ ಕೂತಾಗ. ಆಗ ಕೊಟ್ಟ ಎರಡು ವರ್ಷದ ಹಣವೂ ನೀರಿನಲ್ಲಿ ಹೋಮವಾಯಿತು. ತೆರಿಗೆ ಹಣದ ಮೇಲೆ ನಿಜವಾದ ಕಾಳಜಿ ಇರುವವರು ಆಕೆ ಪದವಿ ಮುಗಿಸುವಂತೆ ನೋಡಿಕೊಳ್ಳಬೇಕು.

ಬಂಡವಾಳಶಾಹಿಯ ತವರಾದ ಅಮೆರಿಕ ಕೂಡ ಇದನ್ನು ಅರಿತಿದೆ. ಅಲ್ಲಿ ಕೇಂದ್ರ ಸರಕಾರದ ನೆರವು ಪಡೆಯುವ ವಿದ್ಯಾರ್ಥಿ ಓದಿನಲ್ಲಿ ಸಮಾಧಾನಕರ ಪ್ರಗತಿ ತೋರಿಸಲೇಬೇಕು. ನಾಲ್ಕು ವರ್ಷದ ಪದವಿಯನ್ನು ಅದರ ಒಂದೂವರೆ ಪಟ್ಟು ಅವಧಿಯೊಳಗೆ ಮುಗಿಸುವ ವೇಗ ಇರಬೇಕು, ಸರಾಸರಿ ದರ್ಜೆಯೂ ಇರಬೇಕು. ತಪ್ಪಿದರೆ ಏನು? ಪ್ರತಿ ಅವಧಿಯಲ್ಲೂ ಪ್ರಗತಿ ನೋಡುವ ಕಾಲೇಜು ಮೊದಲು ಎಚ್ಚರಿಕೆ ಕೊಟ್ಟು, ಇನ್ನೊಂದು ಅವಧಿಗೆ ನೆರವು ಮುಂದುವರಿಸಬಹುದು. ಕಾಲೇಜು ಅವಕಾಶ ಕೊಟ್ಟಿದ್ದರೆ ವಿದ್ಯಾರ್ಥಿ ಮೇಲ್ಮನವಿ ಸಲ್ಲಿಸಬಹುದು. ಕಾಯಿಲೆ ಬಿತ್ತು, ಮನೆಯಲ್ಲಿ ಸಾವಾಯಿತು ಎಂಬುದು ಅಲ್ಲಿ ಕಾಯಿದೆಯೇ ಗುರುತಿಸಿರುವ ಕಾರಣ. ಮನವಿ ಒಪ್ಪಿದರೆ ಕಾಲೇಜು ಅವನ ಓದಿಗೊಂದು ಯೋಜನೆ ಹಾಕಿಕೊಟ್ಟು ನೆರವು ಮುಂದುವರಿಸಬಹುದು. ಅಲ್ಲಿಯೂ ಇದರಿಂದ ಹೊರಬೀಳುವ ಬಡ ಮಕ್ಕಳಿದ್ದಾರೆ, ಅದನ್ನು ಸ್ವರ್ಗ ಎಂದು ನಾವು ಹೇಳುತ್ತಿಲ್ಲ. ಆದರೆ ಕತ್ತು ಕತ್ತರಿಸುವ ಮೊದಲು ಬಾಯಿ ಬಿಡಲು ಅವಕಾಶ ಉಂಟು. ನಮ್ಮಲ್ಲಿ ಆ ವಿದ್ಯಾರ್ಥಿ ಯಾರ ಬಳಿ ಹೇಳಿಕೊಳ್ಳಬೇಕು? ಕಂಪ್ಯೂಟರಿಗೆ 49 ಮತ್ತು 50 ಗೊತ್ತು, ಅಮ್ಮನ ಕಾಯಿಲೆ ಗೊತ್ತಿಲ್ಲ.

ಯೋಜನೆಗಳೇ ಒಂದೊಂದಾಗಿ ಕಣ್ಮುಚ್ಚುತ್ತಿರುವಾಗ ಷರತ್ತಿನ ಮಾತೇಕೆ ಎಂದು ಓದುಗರು ಕೇಳಬಹುದು. ನಿಜ. 2022ರಲ್ಲಿ ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತು. 2022-23ರಿಂದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 9 ಮತ್ತು 10ನೇ ತರಗತಿಗೆ ಸೀಮಿತವಾಯಿತು. ಅವುಗಳಿಗಾಗಿ ಹೋರಾಡಲೇಬೇಕು. ಆದರೆ ಸರಕಾರ ಕೈ ಹಿಂದೆಗೆದಷ್ಟೂ ನಮ್ಮ ಮಕ್ಕಳು ನಮ್ಮದೇ ಟ್ರಸ್ಟುಗಳ, ಜಮಾಅತುಗಳ, ಗಲ್ಫಿನ ಅನಿವಾಸಿ ಸಂಘಟನೆಗಳ ಬಾಗಿಲಿಗೆ ಬರುತ್ತಾರೆ. ಅಲ್ಲಿ ಏನಿದೆ? ಎಷ್ಟೋ ಕಡೆ ಅದೇ ಕನ್ನಡಿ. 60 ಶೇಕಡಾಕ್ಕಿಂತ ಕಡಿಮೆಯವರು ಅರ್ಜಿ ಹಾಕುವಂತಿಲ್ಲ. 90 ಬಂದವರಿಗೆ ಶಾಲು, ಸ್ಮರಣಿಕೆ, ವೇದಿಕೆ, ಫೋಟೋ. ಅದನ್ನು ಪ್ರತಿಭಾ ಪುರಸ್ಕಾರ ಎಂದು ಕರೆದು ಮಾಡಿ, ನಮ್ಮ ಅಡ್ಡಿಯಿಲ್ಲ. ಆದರೆ ಝಕಾತ್‌ನ ಹಣದಲ್ಲಿ ಅಂಕದ ಷರತ್ತು ಹಾಕುವವರನ್ನು ನಾವು ಕೇಳಲೇಬೇಕು: ಝಕಾತ್‌ನ ಹಕ್ಕುದಾರರೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೆಸರಿಸಿದೆ. ಬಡವರಿದ್ದಾರೆ, ನಿರ್ಗತಿಕರಿದ್ದಾರೆ, ಸಾಲದಲ್ಲಿ ಮುಳುಗಿದವರಿದ್ದಾರೆ, ದಾರಿಹೋಕರಿದ್ದಾರೆ. ಆ ಪಟ್ಟಿಯಲ್ಲಿ ಅಂಕಪಟ್ಟಿ ಎಲ್ಲಿದೆ?

ಹಾಗಾದರೆ ಷರತ್ತೇ ಬೇಡವೇ? ಬೇಕು. ಹಾಜರಿ ಕೇಳಿ. ಪಾಸಾಗಿ ಮುಂದಿನ ತರಗತಿಗೆ ಹೋಗಿದ್ದಾರೆಯೇ ಎಂದು ಕೇಳಿ. ಪದವಿಯಿಡೀ ಒಂದು ಬಾರಿ ಎಡವಿದರೆ ಕ್ಷಮಿಸಿ, ಎರಡನೆಯ ಸಲ ಕರೆದು ಕೂರಿಸಿ ಮಾತಾಡಿ. ಮಾಧ್ಯಮ ಬದಲಾದ ಮೊದಲ ವರ್ಷದ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹತ್ತು ಮಕ್ಕಳಿಗೆ ಒಬ್ಬ ನಿವೃತ್ತ ಮಾಸ್ತರನ್ನಾದರೂ ಗೊತ್ತುಮಾಡಿ, ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಬರಲಿ. ಷರತ್ತು ಕೊಡುವವರಿಗೂ ಇರಲಿ: ಜೂನ್‌ನ ಫೀಸಿಗೆ ಮುಂದಿನ ಮಾರ್ಚ್‌ನಲ್ಲಿ ಹಣ ಹಾಕುವ ಕಚೇರಿಗೆ ಮಕ್ಕಳ ಪ್ರಗತಿ ಅಳೆಯುವ ನೈತಿಕ ಹಕ್ಕಿಲ್ಲ.

ನಮ್ಮ ಊರಿನ ಟ್ರಸ್ಟಿನ ಅರ್ಜಿ ನಮೂನೆ ಈ ವರ್ಷವೂ ಮುದ್ರಣಕ್ಕೆ ಹೋಗಲಿದೆ. ಅದಕ್ಕೆ ಮೊದಲು ಅದರ ಪದಾಧಿಕಾರಿಗಳನ್ನು ಕಂಡು, ಅಂಕದ ಆ ಒಂದು ಸಾಲನ್ನು ಹೊಡೆದುಹಾಕಿಸುವ ಕೆಲಸ ನಮ್ಮಿಂದಲೇ ಶುರುವಾಗಲಿ. ನಮ್ಮ ಮನೆಯ ಕಾಗದವನ್ನು ತಿದ್ದಿಕೊಂಡ ಮೇಲೆ ದಿಲ್ಲಿಗೂ ಬೆಂಗಳೂರಿಗೂ ಗಟ್ಟಿ ದನಿಯಲ್ಲಿ ಕೇಳೋಣ.