ಮಗಳು ಕಳೆದುಹೋದಾಗ ಇಸ್ಪೀಟೇ?

ವಿಡಿಯೋ ಗೇಮಿನ ಮಾತು ಬಂದರೆ ನಾವು ಹೆಂಗಸರು "ಕಣ್ಣು ಹಾಳು, ಓದು ಹಾಳು" ಎಂದು ಬೈದು ಅಡುಗೆಮನೆಗೆ ಹೋಗಿಬಿಡುತ್ತೇವೆ. ಬೈಯುವುದೇ ಆದರೆ ನೋಡಿ ಬೈಯಬೇಕಲ್ಲವೇ? ರಜೆಯಲ್ಲಿ ಟಿ. ನರಸೀಪುರದಲ್ಲಿ ತಂಗಿಯ ಮಗನ ಪಕ್ಕ ಕುಳಿತು ನೋಡಿದೆ. ಈಗ ಬೈಯುತ್ತೇನೆ, ಆದರೆ ಬೇರೆ ಕಾರಣಕ್ಕೆ.

'ಓಪನ್ ವರ್ಲ್ಡ್' ಎಂಬ ಬಗೆಯ ಆಟಗಳಿವೆ. ಇಡೀ ಸೀಮೆಯನ್ನೇ ಕೊಟ್ಟು, ಎಲ್ಲಿ ಬೇಕಾದರೂ ಅಲೆಯಿರಿ ಎನ್ನುತ್ತವೆ. ಜೊತೆಗೊಂದು ಕಥೆಯನ್ನೂ ಕಟ್ಟಿರುತ್ತವೆ. ಪೋಲೆಂಡಿನ ಕಂಪನಿಯೊಂದು 2015ರಲ್ಲಿ ತಂದ 'ದಿ ವಿಚರ್ 3' ಇಂಥದರಲ್ಲಿ ಬಹಳ ಹೆಸರಾದದ್ದು. ನಾಯಕ ಗೆರಾಲ್ಟ್, ಸಾಕುಮಗಳಂಥ ಸಿರಿಯನ್ನು (ಹೆಸರೇನೋ ನಮ್ಮದೇ ಇದ್ದಂತಿದೆ) ಹುಡುಕಿ ಹೊರಟಿದ್ದಾನೆ. ಪ್ರೇತದಂಥ ಸವಾರರ ದಂಡು ಅವಳ ಬೆನ್ನು ಬಿದ್ದಿದೆ. ಈತನೋ, ಹೆಂಡದಂಗಡಿಯಲ್ಲಿ ಕುಳಿತು 'ಗ್ವೆಂಟ್' ಎಂಬ ಇಸ್ಪೀಟಿನಂಥ ಆಟ ಆಡುತ್ತಿರಬಹುದು! ಎಷ್ಟು ದಿನ ಕೂತರೂ ಕಥೆ ಕದಲದೆ ಕಾಯುತ್ತದೆ. "ಅದೇ ಫ್ರೀಡಂ ದೊಡ್ಡಮ್ಮ" ಎಂದ ಹುಡುಗ.

ನನಗೆ ಅದು ಸುಳ್ಳು ಎನಿಸಿತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಮಗು ಕೈತಪ್ಪಿದ ತಾಯಿ ಬಳೆ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತಾಳೆಯೇ? ತುರ್ತು ಎಂದರೆ ತಡವಾದಾಗ ಏನಾದರೂ ಕೆಡಬೇಕು. ಕೆಡಿಸುವ ಮನಸ್ಸಿಲ್ಲದವರು ತುರ್ತು ಎನ್ನಬಾರದು. ಇನ್ನೊಬ್ಬರ ಸಂಕಟ ನಮ್ಮ ಬಿಡುವಿಗಾಗಿ ಕಾದಿರುತ್ತದೆ ಎಂದು ಮಕ್ಕಳಿಗೆ ಗಂಟೆಗಟ್ಟಲೆ ಅಭ್ಯಾಸ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಅಲೆದಾಟವೇ ತಪ್ಪೆಂದಲ್ಲ. ಅದೇ ಜಾತ್ರೆಯಲ್ಲಿ ಮಗು ಕೈಯಲ್ಲಿದ್ದರೆ ಬಳೆ, ಕಡ್ಲೆಪುರಿ ಎಂದು ನಾವೆಷ್ಟು ಸುತ್ತುವುದಿಲ್ಲ! ಐದು ತೇರುಗಳಲ್ಲಿ ಶ್ರೀಕಂಠೇಶ್ವರನ ದೊಡ್ಡ ಗೌತಮ ರಥ ಕದಲಿತೆಂದರೆ ಯಾರೂ ದಾರಿ ತೋರಿಸದೆ ಕಾಲು ಅತ್ತ ತಿರುಗುತ್ತದೆ. ಕೆಲವು ಆಟಗಳವರು ಅಷ್ಟು ನಂಬಿಕೆಯೂ ಇಲ್ಲದೆ ಹೆಜ್ಜೆಹೆಜ್ಜೆಗೆ ಬಾಣ, ನಕ್ಷೆ ತುಂಬ ಗುರುತು ಹಾಕುತ್ತಾರೆ. ಅದು ಆಟವಲ್ಲ, ಜನಗಣತಿ. ಮೇಷ್ಟರುಗಳನ್ನು ಕೇಳಿ.

ಜಪಾನಿನ ನಿಂಟೆಂಡೊ ಕಂಪನಿ 2017ರಲ್ಲಿ ತಂದ 'ಬ್ರೆತ್ ಆಫ್ ದಿ ವೈಲ್ಡ್' ಮಾತ್ರ ನನಗೆ ಹಿಡಿಸಿತು. ನೂರು ವರ್ಷ ಮಲಗಿದ್ದ ಲಿಂಕ್ ನೆನಪು ಕಳೆದುಕೊಂಡು ಏಳುತ್ತಾನೆ. ಆ ನೆನಪುಗಳು ನಾಡಿನ ಮೂಲೆಮೂಲೆಯಲ್ಲಿ ಚೆದುರಿವೆ. ಆ ಜಾಗದಲ್ಲಿ ಹೋಗಿ ನಿಂತರೆ ಹಳೆಯದು ಕಣ್ಣಮುಂದೆ ಬರುತ್ತದೆ. ಅಲೆದಷ್ಟೂ ಕಥೆ ಬೆಳೆಯುತ್ತದೆ. ಬೇಡವೆಂದರೆ ಆರಂಭದ ಪಾಠಗಳು ಮುಗಿದೊಡನೆ ನೇರ ವೈರಿಯ ಕೋಟೆಗೇ ನುಗ್ಗಬಹುದು. ಅಲ್ಲೂ ರಾಜಕುಮಾರಿ ಕಾಯುತ್ತಾಳೆ, ನಿಜ. ಆದರೆ ನೂರು ವರ್ಷದಿಂದ ಆ ವೈರಿಯನ್ನು ತಡೆದು ನಿಲ್ಲಿಸಿದವಳು ಅವಳೇ ಎಂದು ಕಥೆಯೇ ಲೆಕ್ಕ ಕೊಡುತ್ತದೆ.

ಹೊಸ ಆಟ ಕೊಡಿಸೆಂದು ಮಕ್ಕಳು ಪೀಡಿಸಿದಾಗ ಬೆಲೆಯ ಜೊತೆಗೆ ಇದನ್ನೂ ಕೇಳಿ ನೋಡಿ: ಅದರಲ್ಲಿ ಯಾರು ಕಾಯುತ್ತಿದ್ದಾರೆ, ನೀನು ತಡ ಮಾಡಿದರೆ ಅವರಿಗೆ ಏನಾಗುತ್ತದೆ?